ಆರ್ಯಭಟ ಉಪಗ್ರಹ ಹಾಗೂ ಕಕ್ಷೆಯಲ್ಲಿ ಅದರ ಅವಧಿ

ಭಾರತದ ಪ್ರಥಮ ಕೃತಕ ಉಪಗ್ರಹವಾದ ಆರ್ಯಭಟವನ್ನು 1975ನೇ ಇಸವಿಯ ಏಪ್ರಿಲ್ 19ರಂದು ಅಂದಿನ ಸೋವಿಯತ್ ಒಕ್ಕೂಟದ ಕಾಪುಸ್ತಿನ್ ಯಾರ್ ಉಡಾವಣಾ ಕೇಂದ್ರದಿಂದ ಕಕ್ಷೆಗೆ ಸೇರಿಸಲಾಯಿತು. ಈ ಉಪಗ್ರಹವು ಎಷ್ಟು ಕಾಲ ಬಾಳಿತು ಎಂಬ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರಗಳು ಪ್ರಚಲಿತದಲ್ಲಿವೆ. ಐದು ದಿನಗಳೆಂದು ಕೆಲವರು ಹೇಳಿದರೆ, ಆರು ತಿಂಗಳೆಂದು ಇನ್ನು ಕೆಲವರು, ಆರು ವರ್ಷಗಳೆಂದು ಮತ್ತೆ ಕೆಲವರು, ಸುಮಾರು 17 ವರ್ಷಗಳೆಂದು ಉಳಿದವರು ತಿಳಿಸುತ್ತಾರೆ. ಇದರಿಂದ ವಿದ್ಯಾರ್ಥಿಗಳಲ್ಲಿಯೂ ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯರ್ಥಿಗಳಲ್ಲಿಯೂ ಗೊಂದಲ ಉಂಟಾಗುವುದು ಸಹಜ. ವಸ್ತುತಃ ಈ ನಾಲ್ಕು ಉತ್ತರಗಳಲ್ಲಿ ಯಾವುದೂ ತಪ್ಪಲ್ಲ. ಪ್ರತಿಯೊಂದೂ ಬೇರೆ ಪ್ರಶ್ನೆಯೊಂದಕ್ಕೆ ಉತ್ತರವಾಗಿದೆ. ಆ ಪ್ರಶ್ನೆಗಳು ಯಾವುವು, ಐದನೆಯ ದಿನವೇ ತನ್ನ ವೈಜ್ಞಾನಿಕ ಪ್ರಯೋಗಗಳನ್ನು ಕಳೆದುಕೊಂಡ ಉಪಗ್ರಹವನ್ನು ಯಶಸ್ವಿ ಎಂದು ಏಕೆ ಪರಿಗಣಿಸಲಾಗಿದೆ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಉಡುಪಿ ಜಿಲ್ಲೆಯೊಂದಿಗೆ ಸಂಬಂಧ

ಆರ್ಯಭಟ ಯೋಜನೆಯ ನೇತೃತ್ವ ವಹಿಸಿದ್ದ ಪ್ರೊ. ಯು. ಆರ್. ರಾವ್ ಅವರು 1932ರ ಮಾರ್ಚ್ 10ರಂದು ಅದಮಾರು ಗ್ರಾಮದಲ್ಲಿ ಜನಿಸಿದರು. ಅಂದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ಗ್ರಾಮವು 1997ರಲ್ಲಿ ಉಡುಪಿ ಜಿಲ್ಲೆ ರಚನೆಯಾದಾಗ ಆ ಜಿಲ್ಲೆಗೆ ಸೇರಿತು. ಈಗ ಕಾಪು ತಾಲ್ಲೂಕಿನಲ್ಲಿದೆ. ಅವರ ಪೂರ್ಣ ಹೆಸರು ಉಡುಪಿ ರಾಮಚಂದ್ರ ರಾವ್. ಹೆಸರಿನ ಮೊದಲ ಅಕ್ಷರದಲ್ಲಿಯೇ ಊರಿನ ಗುರುತು ಉಳಿದಿದೆ. ಪ್ರಾಥಮಿಕ ಶಿಕ್ಷಣವನ್ನು ಅದಮಾರಿನಲ್ಲಿಯೂ ಪ್ರೌಢ ಶಿಕ್ಷಣವನ್ನು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿಯೂ ಪಡೆದ ಅವರು, ಮುಂದೆ ಅನಂತಪುರದಲ್ಲಿ ಪದವಿಯನ್ನೂ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಗಳಿಸಿದರು. ಅಹಮದಾಬಾದಿನಲ್ಲಿ ಡಾ. ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಕುರಿತು ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಅಮೆರಿಕದಲ್ಲಿ ಕೆಲವು ವರ್ಷ ಇದ್ದು, ಅಲ್ಲಿನ ಪಯೋನಿಯರ್ ಮತ್ತು ಎಕ್ಸ್‌ಪ್ಲೋರರ್ ಬಾಹ್ಯಾಕಾಶ ನೌಕೆಗಳಲ್ಲಿ ಪ್ರಯೋಗಗಳನ್ನು ನಡೆಸಿ, 1966ರಲ್ಲಿ ಸ್ವದೇಶಕ್ಕೆ ಮರಳಿದರು.

ಅಂದರೆ, ಉಪಗ್ರಹದೊಳಗೆ ಉಪಕರಣವನ್ನು ಇರಿಸಿ ಮಾಹಿತಿ ಪಡೆಯುವುದು ಹೇಗೆ ಎಂಬ ನೇರ ಅನುಭವ ಅವರಿಗಿತ್ತು. ಇಡೀ ಉಪಗ್ರಹವನ್ನು ನಿರ್ಮಿಸಿದ ಅನುಭವ ಆ ಕಾಲಕ್ಕೆ ಭಾರತದಲ್ಲಿ ಯಾರಿಗೂ ಇರಲಿಲ್ಲ.

ಯೋಜನೆಯ ಹಿನ್ನೆಲೆ

ಭಾರತದಲ್ಲಿ ಉಪಗ್ರಹವನ್ನು ಕಕ್ಷೆಗೆ ಸೇರಿಸಬಲ್ಲ ರಾಕೆಟ್ ಆಗ ಇರಲಿಲ್ಲ. ದೇಶೀಯ ಎಸ್‌ಎಲ್‌ವಿ-3 ರಾಕೆಟ್ 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಯಶಸ್ವಿಯಾಗಿ ಹೊತ್ತೊಯ್ದದ್ದು 1980ರ ಜುಲೈ 18ರಂದು. ಅಲ್ಲಿಯವರೆಗೆ ಕಾಯದೆ, ರಾಕೆಟ್ ತಯಾರಾಗುತ್ತಿರುವಾಗಲೇ ಉಪಗ್ರಹ ನಿರ್ಮಾಣದ ವಿದ್ಯೆಯನ್ನು ಕರಗತ ಮಾಡಿಕೊಳ್ಳುವುದು ಉದ್ದೇಶವಾಗಿತ್ತು. 1971ರ ಡಿಸೆಂಬರ್ 30ರಂದು ಡಾ. ಸಾರಾಭಾಯಿ ಅವರು ನಿಧನರಾದರೂ ಯೋಜನೆ ಕೈಬಿಡಲಿಲ್ಲ. 1972ರ ಮೇ 10ರಂದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೋ) ಮತ್ತು ಸೋವಿಯತ್ ವಿಜ್ಞಾನ ಅಕಾಡೆಮಿಯ ನಡುವೆ ಒಪ್ಪಂದವಾಯಿತು. ಉಪಗ್ರಹವನ್ನು ಭಾರತವು ನಿರ್ಮಿಸುವುದು, ಸೋವಿಯತ್ ಒಕ್ಕೂಟವು ತನ್ನ ರಾಕೆಟ್ಟಿನಲ್ಲಿ ಅದನ್ನು ಉಡಾಯಿಸುವುದು ಈ ಒಪ್ಪಂದದ ಸಾರ. ಸೌರಕೋಶಗಳು, ಬ್ಯಾಟರಿಗಳು, ಮಾಹಿತಿ ಸಂಗ್ರಹಿಸುವ ಟೇಪ್ ರೆಕಾರ್ಡರ್ ಮುಂತಾದ ಕೆಲವು ಭಾಗಗಳನ್ನೂ ಸೋವಿಯತ್ ಪಕ್ಷವು ಒದಗಿಸಿತು.

ನಿರ್ಮಾಣ ಕಾರ್ಯವು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ, ಕಲ್ನಾರು ಶೀಟಿನ ಛಾವಣಿಯಿದ್ದ ಶೆಡ್ಡುಗಳಲ್ಲಿ ನಡೆಯಿತು. ಇಂದು ಓದುವವರಿಗೆ ಇದು ಸಾಹಸದ ಕಥೆಯಂತೆ ಕಾಣಬಹುದು. ಆದರೆ ಆ ದಿನಗಳಲ್ಲಿ ಕೆಲಸ ಮಾಡುತ್ತಿದ್ದವರಿಗೆ ಅದು ದಿನನಿತ್ಯದ ತೊಂದರೆಯಾಗಿತ್ತೆಂಬುದನ್ನು ಮರೆಯಬಾರದು. ಉಪಗ್ರಹದ ಜೋಡಣೆಗೆ ಧೂಳಿಲ್ಲದ, ಉಷ್ಣತೆ ಹಾಗೂ ತೇವಾಂಶ ನಿಯಂತ್ರಿತವಾದ ಕೊಠಡಿ ಬೇಕು. ಕಾರ್ಖಾನೆಗಳ ನಡುವಿನ ಶೆಡ್ಡಿನಲ್ಲಿ ಅಂತಹ ಕೊಠಡಿಯನ್ನು ಮೊದಲು ಕಟ್ಟಿಕೊಂಡು, ಆಮೇಲೆ ಉಪಗ್ರಹದ ಕೆಲಸಕ್ಕೆ ತೊಡಗಬೇಕಾಯಿತು. ತಂಡದಲ್ಲಿದ್ದವರಲ್ಲಿ ಹೆಚ್ಚಿನವರು ಆಗಷ್ಟೇ ವ್ಯಾಸಂಗ ಮುಗಿಸಿ ಬಂದ ಯುವ ಇಂಜಿನಿಯರುಗಳು. ಒಪ್ಪಂದದ ದಿನದಿಂದ ಮೂರು ವರ್ಷ ತುಂಬುವುದರೊಳಗೆ ಉಪಗ್ರಹವು ಉಡಾವಣೆಗೆ ಸಿದ್ಧವಾಯಿತು. ಯೋಜನೆಗೆ ತಗುಲಿದ ವೆಚ್ಚ 3 ಕೋಟಿ ರೂಪಾಯಿಗಳಿಗಿಂತ ಸ್ವಲ್ಪ ಹೆಚ್ಚು.

ಹೆಸರನ್ನು ಆಯ್ಕೆ ಮಾಡಿದವರು ಅಂದಿನ ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿ. ಆರ್ಯಭಟ, ಮಿತ್ರ, ಜವಾಹರ್ ಎಂಬ ಮೂರು ಹೆಸರುಗಳ ಪೈಕಿ ಪ್ರಾಚೀನ ಗಣಿತಜ್ಞ ಹಾಗೂ ಖಗೋಳವಿಜ್ಞಾನಿಯ ಹೆಸರನ್ನು ಅವರು ಒಪ್ಪಿದರು. ಉಡಾವಣಾ ಕೇಂದ್ರವಾದ ಕಾಪುಸ್ತಿನ್ ಯಾರ್‌ನ ಹೆಸರಿಗೂ ನಮ್ಮ ಕಾಪುವಿಗೂ ಇರುವ ಸಾಮ್ಯ ಕೇವಲ ಆಕಸ್ಮಿಕವಾದುದು. ಆ ಕೇಂದ್ರವು ರಷ್ಯಾದ ವೋಲ್ಗಾ ನದಿಯ ಪ್ರದೇಶದಲ್ಲಿದೆ.

ಉಪಗ್ರಹದ ಸ್ವರೂಪ

ಆರ್ಯಭಟದ ತೂಕ 360 ಕಿಲೋಗ್ರಾಂ. ಇಂದಿನ ಸಂಪರ್ಕ ಉಪಗ್ರಹಗಳು ಹಲವು ಟನ್ ತೂಗುವುದರಿಂದ ಆ ಲೆಕ್ಕದಲ್ಲಿ ಇದು ಚಿಕ್ಕದು. 26 ಮುಖಗಳನ್ನು ಹೊಂದಿದ್ದು, ದೂರದಿಂದ ನೋಡಿದರೆ ಹೆಚ್ಚುಕಡಿಮೆ ಗೋಲಾಕಾರವಾಗಿ ಕಾಣುತ್ತಿತ್ತು. ಮೇಲ್ಭಾಗ ಮತ್ತು ತಳಭಾಗಗಳನ್ನು ಬಿಟ್ಟು ಉಳಿದೆಲ್ಲ ಮುಖಗಳಲ್ಲಿ ಸೌರಕೋಶಗಳನ್ನು ಅಳವಡಿಸಲಾಗಿತ್ತು. ಅವುಗಳಿಂದ ದೊರೆಯುತ್ತಿದ್ದ ವಿದ್ಯುತ್ತು ಸುಮಾರು 46 ವ್ಯಾಟ್. ಮನೆಯ ಒಂದು ಸಾಧಾರಣ ಹಳೆಯ ಬಲ್ಬು ಸಹ ಇದಕ್ಕಿಂತ ಹೆಚ್ಚು ವಿದ್ಯುತ್ತನ್ನು ಬೇಡುತ್ತಿತ್ತು ಎಂಬುದನ್ನು ಗಮನಿಸಬಹುದು. ಇಷ್ಟರಲ್ಲಿಯೇ ರೇಡಿಯೋ ಪ್ರೇಷಕ, ಆದೇಶ ಸ್ವೀಕರಿಸುವ ಘಟಕ, ಟೇಪ್ ರೆಕಾರ್ಡರ್ ಮತ್ತು ಮೂರು ವೈಜ್ಞಾನಿಕ ಪ್ರಯೋಗಗಳು ನಡೆಯಬೇಕಾಗಿತ್ತು. ಆ ಪ್ರಯೋಗಗಳು ದೂರದ ಆಕಾಶಕಾಯಗಳ ಕ್ಷ-ಕಿರಣಗಳ ವೀಕ್ಷಣೆ, ಸೂರ್ಯನಿಂದ ಬರುವ ನ್ಯೂಟ್ರಾನ್ ಹಾಗೂ ಗಾಮಾ ಕಿರಣಗಳ ಅಧ್ಯಯನ ಮತ್ತು ಭೂಮಿಯ ಮೇಲ್ವಾತಾವರಣದ ಅಧ್ಯಯನಕ್ಕೆ ಸಂಬಂಧಿಸಿದ್ದವು.

ಉಪಗ್ರಹವು ಭೂಮಿಯಿಂದ ಕನಿಷ್ಠ ಸುಮಾರು 563 ಕಿಲೋಮೀಟರ್, ಗರಿಷ್ಠ ಸುಮಾರು 619 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿತ್ತು. ಒಂದು ಸುತ್ತಿಗೆ ಸುಮಾರು 96 ನಿಮಿಷ. ಅದರ ವೇಗ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ಆದುದರಿಂದ, ಉಡುಪಿಯಿಂದ ಬೆಂಗಳೂರಿಗೆ ರಾತ್ರಿಯ ಬಸ್ಸು ಕ್ರಮಿಸುವ ದೂರವನ್ನು ಅದು ಒಂದು ನಿಮಿಷದೊಳಗೆ ದಾಟುತ್ತಿತ್ತು. ಕಕ್ಷೆಯು ಭೂಮಧ್ಯರೇಖೆಗೆ 50.7 ಡಿಗ್ರಿ ಓರೆಯಾಗಿದ್ದ ಕಾರಣ, ಭೂಮಿಯು ತನ್ನ ಅಕ್ಷದಲ್ಲಿ ತಿರುಗಿದಂತೆಲ್ಲ, ಉತ್ತರ ಮತ್ತು ದಕ್ಷಿಣ ಅಕ್ಷಾಂಶ 50.7ರ ನಡುವಿನ ಪ್ರದೇಶಗಳೆಲ್ಲವೂ ಅದರ ದಾರಿಯಲ್ಲಿ ಬರುತ್ತಿದ್ದವು. ಕರಾವಳಿ ಕರ್ನಾಟಕವೂ ಅವುಗಳಲ್ಲೊಂದು.

ಪ್ರತಿಯೊಂದು ಸುತ್ತಿನಲ್ಲಿಯೂ ಸುಮಾರು ಮೂರನೆಯ ಒಂದು ಭಾಗದಷ್ಟು ಹೊತ್ತು ಉಪಗ್ರಹವು ಭೂಮಿಯ ನೆರಳಿನಲ್ಲಿರುತ್ತದೆ. ಆಗ ಸೌರಕೋಶಗಳಿಂದ ಏನೂ ದೊರೆಯದೆ ಬ್ಯಾಟರಿಯೇ ಆಧಾರವಾಗುತ್ತದೆ. ಬಿಸಿಲಿಗೆ ಬಂದೊಡನೆ ಬ್ಯಾಟರಿ ಮತ್ತೆ ತುಂಬಿಕೊಳ್ಳಬೇಕು. ದಿನಕ್ಕೆ ಸುಮಾರು 15 ಬಾರಿ ಕತ್ತಲೆ, 15 ಬಾರಿ ಬೆಳಕು. ಅಷ್ಟೇ ಬಾರಿ ಕಾಯುವಿಕೆ, ತಣಿಯುವಿಕೆ. ಇದನ್ನು ನೆಲದ ಮೇಲಿನ ಪರೀಕ್ಷಾಗಾರದಲ್ಲಿ ಸ್ವಲ್ಪಮಟ್ಟಿಗೆ ಅನುಕರಿಸಬಹುದೇ ಹೊರತು, ಪೂರ್ಣ ಪರೀಕ್ಷೆ ಕಕ್ಷೆಯಲ್ಲಿಯೇ ಆಗಬೇಕು. ತಂತ್ರಜ್ಞಾನ ಪ್ರದರ್ಶಕ ಉಪಗ್ರಹ ಎಂದರೆ ಇದೇ. ಮೊದಲ ಬಾರಿಗೆ ತಯಾರಿಸಿದ ವ್ಯವಸ್ಥೆಗಳು ನಿಜವಾದ ಪರಿಸ್ಥಿತಿಯಲ್ಲಿ ತಡೆದುಕೊಳ್ಳುತ್ತವೆಯೇ ಎಂಬುದನ್ನು ಕಂಡುಕೊಳ್ಳಲು ಕಳುಹಿಸುವ ಉಪಗ್ರಹ ಅದು.

ಐದನೆಯ ದಿನ

ಉಡಾವಣೆಯ ನಂತರ ಶ್ರೀಹರಿಕೋಟಾದ ಭೂಕೇಂದ್ರ ಹಾಗೂ ಮಾಸ್ಕೋ ಸಮೀಪದ ಭೂಕೇಂದ್ರಗಳಲ್ಲಿ ಸಂಕೇತಗಳು ದೊರೆತವು. ಬೆಂಗಳೂರಿನಲ್ಲಿ ಮಾಹಿತಿ ಸ್ವೀಕರಿಸಲು ಸ್ಥಳವಿಲ್ಲದೆ ಶೌಚಾಲಯವೊಂದನ್ನೇ ಸ್ವೀಕಾರ ಕೇಂದ್ರವನ್ನಾಗಿ ಮಾರ್ಪಡಿಸಿಕೊಳ್ಳಲಾಗಿತ್ತು ಎಂಬುದನ್ನು ಪ್ರೊ. ರಾವ್ ಅವರು ಮುಂದಿನ ವರ್ಷಗಳಲ್ಲಿ ಸಂಕೋಚವಿಲ್ಲದೆ ಹೇಳುತ್ತಿದ್ದರು.

ಐದನೆಯ ದಿನದ ಹೊತ್ತಿಗೆ ವೈಜ್ಞಾನಿಕ ಉಪಕರಣಗಳಿಗೆ ವಿದ್ಯುತ್ ಒದಗಿಸುತ್ತಿದ್ದ ವ್ಯವಸ್ಥೆಯಲ್ಲಿ ದೋಷ ಕಾಣಿಸಿಕೊಂಡಿತು. ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಆರು ತಿಂಗಳ ಅವಧಿಗೆ ಯೋಜಿಸಿದ್ದ ವೈಜ್ಞಾನಿಕ ವೀಕ್ಷಣೆ ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ದುಡಿದು ಆ ಉಪಕರಣಗಳನ್ನು ರೂಪಿಸಿದ್ದ ವಿಜ್ಞಾನಿಗಳ ಪಾಲಿಗೆ ಇದು ಸಣ್ಣ ನಷ್ಟವಲ್ಲ. ಈ ಅಂಶವನ್ನು ಮರೆಮಾಚಿ ಆರ್ಯಭಟದ ಇತಿಹಾಸವನ್ನು ಹೇಳುವುದು ಸರಿಯಾಗಲಾರದು.

ಆದರೆ ಉಳಿದ ಉಪಗ್ರಹಕ್ಕೆ ಏನಾಯಿತು ಎಂಬುದು ಮುಖ್ಯವಾದುದು. ಮನೆಯ ಒಂದು ಕೋಣೆಯ ಫ್ಯೂಸ್ ಹೋದಾಗ ಇಡೀ ಮನೆ ಕತ್ತಲಾಗದಿರಬೇಕಾದರೆ, ತಂತಿಗಳನ್ನು ಎಳೆಯುವಾಗಲೇ ಬೇರೆ ಬೇರೆ ಮಾರ್ಗಗಳನ್ನು ಮಾಡಿರಬೇಕು. ಉಪಗ್ರಹಕ್ಕೂ ಇದು ಅನ್ವಯಿಸುತ್ತದೆ. ವ್ಯತ್ಯಾಸವೆಂದರೆ ಮನೆಗೆ ಲೈನ್‌ಮನ್ ಬರುತ್ತಾರೆ, ಕಕ್ಷೆಗೆ ಯಾರೂ ಹೋಗುವಂತಿಲ್ಲ. ಆರ್ಯಭಟದಲ್ಲಿ ದೋಷವು ಪ್ರಯೋಗಗಳ ವಿದ್ಯುತ್ ಮಾರ್ಗಕ್ಕೆ ಸೀಮಿತವಾಯಿತು. ಸೌರಕೋಶ ಮತ್ತು ಬ್ಯಾಟರಿಗಳು, ಉಷ್ಣತೆಯನ್ನು ಮಿತಿಯಲ್ಲಿ ಇರಿಸುವ ವ್ಯವಸ್ಥೆ, ಉಪಗ್ರಹದ ಸ್ಥಿತಿಗತಿಯನ್ನು ಭೂಮಿಗೆ ತಿಳಿಸುವ ದೂರಮಾಪನ ಘಟಕ, ಭೂಮಿಯ ಆದೇಶಗಳನ್ನು ಪಾಲಿಸುವ ಘಟಕ ಇವೆಲ್ಲ ತಮ್ಮ ಕೆಲಸವನ್ನು ಮುಂದುವರಿಸಿದವು. ಉಪಗ್ರಹದ ಮೂಲಕ ಧ್ವನಿಯನ್ನೂ ಹೃದಯಬಡಿತದ ಇಸಿಜಿ ಸಂಕೇತವನ್ನೂ ಒಂದು ಸ್ಥಳದಿಂದ ಮತ್ತೊಂದು ಸ್ಥಳಕ್ಕೆ ಕಳುಹಿಸುವ ಪ್ರಯೋಗಗಳನ್ನು ಸಹ ನಡೆಸಲಾಯಿತು.

ಉಪಗ್ರಹದ ಈ ಮುಖ್ಯ ಭಾಗವು 1981ರ ಮಾರ್ಚ್‌ವರೆಗೆ ಕ್ರಿಯಾಶೀಲವಾಗಿತ್ತು. ಆರು ತಿಂಗಳಿಗೆಂದು ರೂಪಿಸಿದ ವ್ಯವಸ್ಥೆಯು ಸುಮಾರು ಆರು ವರ್ಷ ಕೆಲಸ ಮಾಡಿತು. ಆದುದರಿಂದ ವಿಜ್ಞಾನದ ಮಟ್ಟಿಗೆ ಆರ್ಯಭಟ ನೀಡಿದ್ದು ಅಲ್ಪ. ಉಪಗ್ರಹ ತಂತ್ರಜ್ಞಾನದ ಮಟ್ಟಿಗೆ ನಿರೀಕ್ಷೆಗಿಂತ ಬಹಳ ಹೆಚ್ಚು. ಅದನ್ನು ಕಳುಹಿಸಿದ್ದೇ ಎರಡನೆಯ ಕಾರಣಕ್ಕಾಗಿ.

ಕಕ್ಷೆಯಿಂದ ಇಳಿದದ್ದು ಹೇಗೆ

1981ರ ನಂತರ ಆರ್ಯಭಟವು ಮೌನವಾಗಿ ಸುತ್ತುತ್ತಿತ್ತು. ಉಪಗ್ರಹವು ಸುತ್ತಲು ವಿದ್ಯುತ್ತಾಗಲಿ ಇಂಧನವಾಗಲಿ ಬೇಕಿಲ್ಲ. ಉಡಾವಣೆಯ ವೇಳೆ ದೊರೆತ ವೇಗವೇ ಅದನ್ನು ಕಕ್ಷೆಯಲ್ಲಿ ಇರಿಸುತ್ತದೆ. ಕೆಟ್ಟುಹೋದ ಉಪಗ್ರಹ ಕೂಡಲೇ ಬೀಳುತ್ತದೆಂಬ ಸಾಮಾನ್ಯ ಕಲ್ಪನೆ ಈ ಕಾರಣದಿಂದ ಸರಿಯಲ್ಲ.

ಹಾಗಿದ್ದರೆ ಅದು ಇಳಿದದ್ದೇಕೆ? 600 ಕಿಲೋಮೀಟರ್ ಎತ್ತರದಲ್ಲಿ ಗಾಳಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅತ್ಯಂತ ವಿರಳವಾಗಿ ಚದುರಿದ ಕಣಗಳು ಅಲ್ಲಿಯೂ ಇರುತ್ತವೆ. ಪ್ರತಿ ಸುತ್ತಿನಲ್ಲಿ ಅವು ಉಪಗ್ರಹಕ್ಕೆ ತಗುಲಿ ಅದರ ಚೈತನ್ಯವನ್ನು ಅತ್ಯಲ್ಪ ಪ್ರಮಾಣದಲ್ಲಿ ಕಡಿಮೆ ಮಾಡುತ್ತವೆ. ಕಕ್ಷೆಯ ಎತ್ತರ ತುಸು ಇಳಿಯುತ್ತದೆ. ಇಳಿದಷ್ಟೂ ಗಾಳಿ ದಟ್ಟವಾಗಿ, ಇಳಿಯುವಿಕೆ ಇನ್ನಷ್ಟು ತ್ವರಿತವಾಗುತ್ತದೆ. ಮೊದಲ ಹತ್ತು ಕಿಲೋಮೀಟರ್ ಇಳಿಯಲು ವರ್ಷಗಳೇ ಹಿಡಿಯಬಹುದು. ಕೊನೆಯ ನೂರು ಕಿಲೋಮೀಟರಿಗೆ ಕೆಲವು ಗಂಟೆಗಳು ಸಾಕು.

ಇದರಲ್ಲಿ ಸೂರ್ಯನ ಪಾತ್ರವೂ ಇದೆ. ಸೂರ್ಯನ ಚಟುವಟಿಕೆಯು ಸುಮಾರು 11 ವರ್ಷಗಳಿಗೊಮ್ಮೆ ಏರುತ್ತದೆ. ಏರಿಕೆಯ ಕಾಲದಲ್ಲಿ ಭೂಮಿಯ ಮೇಲ್ವಾತಾವರಣವು ಕಾದು ಹಿಗ್ಗುತ್ತದೆ. ಹಿಂದೆ ಕೆಳಗಿದ್ದ ಗಾಳಿ ಉಪಗ್ರಹದ ಎತ್ತರಕ್ಕೆ ಬರುತ್ತದೆ. ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣವು ನಿರೀಕ್ಷೆಗಿಂತ ಬೇಗನೆ, 1979ರ ಜುಲೈಯಲ್ಲಿ ಬೀಳಲು ಇದೇ ಕಾರಣವಾಯಿತು. ಆರ್ಯಭಟವು ಅದಕ್ಕಿಂತ ಎತ್ತರದಲ್ಲಿದ್ದುದರಿಂದ ಆ ಏರಿಕೆಯನ್ನು ದಾಟಿ ಉಳಿಯಿತು. 1989ರಿಂದ 1991ರವರೆಗಿನ ಮುಂದಿನ ಏರಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. 1992ರ ಫೆಬ್ರವರಿ 11ರಂದು ಅದು ದಟ್ಟವಾದ ವಾತಾವರಣವನ್ನು ಪ್ರವೇಶಿಸಿ ನಾಶವಾಯಿತು. ಉಡಾವಣೆಯಿಂದ ಲೆಕ್ಕ ಹಾಕಿದರೆ 16 ವರ್ಷ, ಒಂಬತ್ತೂವರೆ ತಿಂಗಳಿಗೂ ಹೆಚ್ಚಿನ ಅವಧಿ. ಸುತ್ತುಗಳ ಸಂಖ್ಯೆ 90 ಸಾವಿರಕ್ಕೂ ಅಧಿಕ.

ಹೀಗಾಗಿ ಪರೀಕ್ಷೆಯಲ್ಲಿ ಪ್ರಶ್ನೆ ಎದುರಾದಾಗ ಅದರ ಪದಗಳನ್ನು ಎಚ್ಚರಿಕೆಯಿಂದ ಓದುವುದು ಅವಶ್ಯಕ. ನಿಗದಿಪಡಿಸಿದ ಕಾರ್ಯಾವಧಿಯನ್ನು ಕೇಳಿದ್ದರೆ ಆರು ತಿಂಗಳು. ಪ್ರಯೋಗಗಳು ನಡೆದ ಅವಧಿಯಾದರೆ ಐದು ದಿನಗಳಷ್ಟು. ಉಪಗ್ರಹವು ಕ್ರಿಯಾಶೀಲವಾಗಿದ್ದುದು 1981ರ ಮಾರ್ಚ್‌ವರೆಗೆ. ಕಕ್ಷೆಯಲ್ಲಿ ಇದ್ದುದು 1992ರ ಫೆಬ್ರವರಿಯವರೆಗೆ.

ಮುಂದಿನ ಉಪಗ್ರಹಗಳು

ಆರ್ಯಭಟದ ಅನುಭವದ ಆಧಾರದ ಮೇಲೆ ಭಾಸ್ಕರ-1 (1979ರ ಜೂನ್ 7) ಮತ್ತು ಭಾಸ್ಕರ-2 (1981ರ ನವೆಂಬರ್ 20) ಉಪಗ್ರಹಗಳನ್ನು ನಿರ್ಮಿಸಲಾಯಿತು. ಇವುಗಳೂ ಕಾಪುಸ್ತಿನ್ ಯಾರ್‌ನಿಂದಲೇ ಮೇಲೇರಿದವು. ನೆಲವನ್ನು ನೋಡಲು ಟೆಲಿವಿಷನ್ ಕ್ಯಾಮೆರಾ, ಸಮುದ್ರವನ್ನು ಅರಿಯಲು ಮೈಕ್ರೋವೇವ್ ಉಪಕರಣ ಇವುಗಳಲ್ಲಿದ್ದವು. ಅಲ್ಲಿಂದ ಮುಂದೆ 1988ರ ಮಾರ್ಚ್ 17ರಂದು ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ, 1999ರ ಮೇ 26ರಂದು ಸಾಗರ ವೀಕ್ಷಣೆಗೆಂದೇ ರೂಪಿಸಿದ ಓಶನ್‌ಸ್ಯಾಟ್-1 ಕಕ್ಷೆ ಸೇರಿದವು. ಸಮುದ್ರದ ಮೇಲ್ಮೈ ಉಷ್ಣತೆ ಮತ್ತು ನೀರಿನಲ್ಲಿರುವ ಸಸ್ಯಹರಿತ್ತಿನ ಪ್ರಮಾಣವನ್ನು ಉಪಗ್ರಹಗಳಿಂದ ಅರಿತು, ಮೀನು ದೊರೆಯುವ ಸಂಭವವಿರುವ ವಲಯಗಳನ್ನು ಮೀನುಗಾರರಿಗೆ ತಿಳಿಸುವ ಕಾರ್ಯವನ್ನು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ನಿರ್ವಹಿಸುತ್ತಿದೆ. ಮಲ್ಪೆ ಮತ್ತು ಕಾಪು ತೀರದಿಂದ ಕಡಲಿಗಿಳಿಯುವ ದೋಣಿಗಳಿಗೆ ಇದರ ಉಪಯೋಗವೇನೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಪ್ರೊ. ರಾವ್ ಅವರು 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದರು. ಆರ್ಯಭಟವು ಕಕ್ಷೆಯಿಂದ ಇಳಿದಾಗ ಅದನ್ನು ಕಟ್ಟಿಸಿದವರೇ ಸಂಸ್ಥೆಯ ಮುಖ್ಯಸ್ಥರಾಗಿದ್ದುದು ಒಂದು ಯೋಗಾಯೋಗ. 2017ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ದೊರೆಯಿತು. ಅದೇ ವರ್ಷದ ಜುಲೈ 24ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಯು. ಆರ್. ರಾವ್ ಉಪಗ್ರಹ ಕೇಂದ್ರ ಎಂದು ಹೆಸರಿಡಲಾಯಿತು. ಆರ್ಯಭಟದ ಚಿತ್ರವು 2 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಮುದ್ರಿತವಾಗಿದ್ದುದು ಹಿರಿಯರಿಗೆ ನೆನಪಿರಬಹುದು.

ವಿದ್ಯಾರ್ಥಿಗಳ ಚಿಕ್ಕ ಉಪಗ್ರಹಗಳು

ಆರ್ಯಭಟದ ಕಾಲದಲ್ಲಿ 360 ಕಿಲೋಗ್ರಾಂ ಬೇಕಾಗಿದ್ದ ಕೆಲಸಗಳಲ್ಲಿ ಕೆಲವನ್ನು ಈಗ ಕೈಯಲ್ಲಿ ಹಿಡಿಯಬಹುದಾದ ಪೆಟ್ಟಿಗೆಯಲ್ಲಿ ಮಾಡಬಹುದಾಗಿದೆ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನಲ್ಲಿ ಕಕ್ಷೆ ಸೇರಿದ ಸ್ಟಡ್‌ಸ್ಯಾಟ್ ಉಪಗ್ರಹವು ಒಂದು ಕಿಲೋಗ್ರಾಂಗಿಂತ ಕಡಿಮೆ ತೂಕದ್ದು. ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಇದನ್ನು ನಿರ್ಮಿಸಿದರು. ಇದರ ಭೂಕೇಂದ್ರವಿದ್ದುದು ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ಸಂಸ್ಥೆಯಲ್ಲಿ. ಆ ಹೆಸರಿನಲ್ಲಿರುವ ನಿಟ್ಟೆಯು ಕಾರ್ಕಳ ತಾಲ್ಲೂಕಿನ ಗ್ರಾಮ.

ಮಣಿಪಾಲದ ವಿದ್ಯಾರ್ಥಿಗಳು ರೂಪಿಸಿದ ಪರೀಕ್ಷಿತ್ ಎಂಬ ಚಿಕ್ಕ ಉಪಗ್ರಹದ ವಿನ್ಯಾಸವು ಇಲ್ಲಿನ ವಿಷಯಕ್ಕೆ ಇನ್ನೂ ಹತ್ತಿರವಾದುದು. ಭೂಮಿಯ ಉಷ್ಣತೆಯನ್ನು ತೋರಿಸುವ ಅವಗೆಂಪು ಕ್ಯಾಮೆರಾದೊಂದಿಗೆ, ಉಪಗ್ರಹವನ್ನು ಕಕ್ಷೆಯಿಂದ ಬೇಗನೆ ಇಳಿಸುವ ವಿದ್ಯುತ್ ತಂತಿಯೊಂದನ್ನು ಪರೀಕ್ಷಿಸುವುದೂ ಇದರ ಉದ್ದೇಶಗಳಲ್ಲಿ ಸೇರಿದೆ. ಬಿಚ್ಚಿಕೊಂಡ ಉದ್ದನೆಯ ತಂತಿಯು ಭೂಮಿಯ ಕಾಂತಕ್ಷೇತ್ರದಲ್ಲಿ ವೇಗವಾಗಿ ಚಲಿಸುವಾಗ ಅದರಲ್ಲಿ ವಿದ್ಯುತ್ ಪ್ರವಾಹ ಉಂಟಾಗುತ್ತದೆ. ಆ ಪ್ರವಾಹದ ಮೇಲೆ ಕಾಂತಕ್ಷೇತ್ರವು ಚಲನೆಗೆ ವಿರುದ್ಧವಾಗಿ ಬಲ ಬೀರುತ್ತದೆ. ಇಂಧನ ವ್ಯಯಿಸದೆಯೇ ಉಪಗ್ರಹ ಕೆಳಗಿಳಿಯುತ್ತದೆ.

ಇದರ ಅಗತ್ಯವೇನೆಂದರೆ, ಆರ್ಯಭಟದ ಕಾಲಕ್ಕಿಂತ ಈಗ ಕಕ್ಷೆಗಳಲ್ಲಿ ದಟ್ಟಣೆ ಹೆಚ್ಚಿದೆ. ಕೆಲಸ ಮುಗಿಸಿದ ಉಪಗ್ರಹಗಳು ಇತರ ಉಪಗ್ರಹಗಳಿಗೆ ಅಪಾಯ ತರಬಲ್ಲವು. ಕೆಳ ಕಕ್ಷೆಯ ಉಪಗ್ರಹವು ತನ್ನ ಕೆಲಸ ಮುಗಿದ 25 ವರ್ಷಗಳೊಳಗೆ ಕಕ್ಷೆಯನ್ನು ತೆರವುಗೊಳಿಸಬೇಕೆಂಬುದು ಬಾಹ್ಯಾಕಾಶ ಸಂಸ್ಥೆಗಳು ಬಹುಕಾಲದಿಂದ ಒಪ್ಪಿಕೊಂಡು ಬಂದ ಮಾರ್ಗಸೂಚಿ. ಈ ಅವಧಿಯನ್ನು ಇನ್ನಷ್ಟು ಕಡಿಮೆ ಮಾಡಬೇಕೆಂಬ ಒತ್ತಾಯವೂ ಇದೆ. 2030ರ ವೇಳೆಗೆ ಭಾರತದ ಎಲ್ಲ ಬಾಹ್ಯಾಕಾಶ ಯಾನಗಳನ್ನು ಅವಶೇಷರಹಿತವಾಗಿಸುವ ಗುರಿಯನ್ನು 2024ರಲ್ಲಿ ಪ್ರಕಟಿಸಲಾಗಿದೆ. ಅಂತಹ ಯಾವ ಮಾರ್ಗಸೂಚಿಯೂ ಇಲ್ಲದಿದ್ದ ದಿನಗಳಲ್ಲಿ, ಇಳಿಯಲು ಯಾವ ಸಾಧನವನ್ನೂ ಹೊಂದಿರದಿದ್ದ ಆರ್ಯಭಟವು 1981ರಲ್ಲಿ ಮೌನವಾದ ಮೇಲೆ 11 ವರ್ಷಗಳು ತುಂಬುವ ಮುನ್ನವೇ ಕಕ್ಷೆಯನ್ನು ತೆರವುಗೊಳಿಸಿತ್ತು.